ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಟ್ಟುಹೋದ ಪದಕ: ಮಾಜಿ ಸೈನಿಕರು ದಾಖಲೆ ಸರಿಪಡಿಸಿಕೊಳ್ಳುವುದು ಹೇಗೆ?

ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದವರ ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿರುವ ಕಾಗದವೆಂದರೆ ಡಿಸ್ಚಾರ್ಜ್ ಬುಕ್. ಸೇನಾ ಸಂಖ್ಯೆ, ಸೇರಿದ ದಿನ, ಬಿಡುಗಡೆಯಾದ ದಿನ, ನಡತೆ, ಹೆಂಡತಿ ಮಕ್ಕಳ ಹೆಸರು, ಇವುಗಳ ಜೊತೆಗೆ ಗಳಿಸಿದ ಪದಕಗಳ ವಿವರ ಬರೆಯಲೂ ಅದರಲ್ಲಿ ಜಾಗವಿರುತ್ತದೆ. ಪರಿಚಯದ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವಾಗ ಆ ಜಾಗ ಅರ್ಧ ಖಾಲಿಯಿರುವ ಪುಸ್ತಕಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಯುದ್ಧಭೂಮಿಯಲ್ಲಿ ನಿಂತು ಬಂದವರ ಪುಸ್ತಕದಲ್ಲಿ ಆ ಯುದ್ಧದ ಪದಕದ ಉಲ್ಲೇಖವೇ ಇಲ್ಲದಿರುವುದು ಅವರಿಗೂ ಮನೆಯವರಿಗೂ ನೋವಿನ ಸಂಗತಿ. ಇದನ್ನು ಸರಿಪಡಿಸಿಕೊಳ್ಳಲು ದಾರಿಯಿದೆ, ಮತ್ತು ಆ ದಾರಿಯಲ್ಲಿ ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿಲ್ಲ.

ಏಕೆ ಬಿಟ್ಟುಹೋಗುತ್ತದೆ?

ಸೈನಿಕನ ಮದುವೆ, ಮಗುವಿನ ಜನನ, ಬಡ್ತಿ, ವರ್ಗಾವಣೆ, ಪದಕ, ಹೀಗೆ ಯಾವುದೇ ಸಂಗತಿಯಾದರೂ ಅವನ ಯೂನಿಟ್ ಹೊರಡಿಸುವ ‘ಪಾರ್ಟ್ ಟು ಆರ್ಡರ್’ ಮೂಲಕ ರೆಕಾರ್ಡ್ಸ್ ಆಫೀಸಿಗೆ ತಲುಪಿ, ಅಲ್ಲಿ ಇರುವ ‘ಶೀಟ್ ರೋಲ್’ ಎಂಬ ಮೂಲ ಸೇವಾ ಕಡತದಲ್ಲಿ ದಾಖಲಾಗುತ್ತದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಕಾಣುವುದು ಆ ಕಡತದಲ್ಲಿರುವುದರ ಪ್ರತಿಬಿಂಬ ಮಾತ್ರ. ಸೈನಿಕನು ಕಾರ್ಯಾಚರಣೆಯ ಸಮಯದಲ್ಲಿ ಬೇರೊಂದು ಯೂನಿಟ್ಟಿಗೆ ತಾತ್ಕಾಲಿಕವಾಗಿ ಅಟ್ಯಾಚ್ ಆಗಿದ್ದರೆ, ಗಾಯಗೊಂಡು ಆಸ್ಪತ್ರೆ ಸೇರಿದ್ದರೆ, ಅಥವಾ ಪದಕದ ಘೋಷಣೆಯಾಗುವ ಹೊತ್ತಿಗೆ ನಿವೃತ್ತಿಯಾಗಿಬಿಟ್ಟಿದ್ದರೆ, ಅವನ ಹೆಸರಿನಲ್ಲಿ ಆದೇಶ ಹೊರಡದೆಯೇ ಉಳಿದಿರಬಹುದು. ಆದ್ದರಿಂದ ತಿದ್ದುಪಡಿ ಕೇಳುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿ ಇದು: ಸರಿಯಾಗಬೇಕಾದದ್ದು ಮನೆಯಲ್ಲಿರುವ ಪುಸ್ತಕವಲ್ಲ, ರೆಕಾರ್ಡ್ಸ್ ಆಫೀಸಿನಲ್ಲಿರುವ ಕಡತ. ಮನೆಯ ಪುಸ್ತಕದಲ್ಲಿ ಸ್ವಂತ ಕೈಯಿಂದ ಒಂದು ಅಕ್ಷರವನ್ನೂ ಬರೆಯಬಾರದು. ಒಳ್ಳೆಯ ಉದ್ದೇಶದಿಂದ ಮಗನೋ ಮೊಮ್ಮಗನೋ ಬರೆದ ಒಂದು ಸಾಲು ಇಡೀ ದಾಖಲೆಯ ಮೇಲೆ ಅನುಮಾನ ಹುಟ್ಟಿಸುತ್ತದೆ.

ಮೊದಲು, ಯಾವ ಪದಕ ಬರಬೇಕಿತ್ತು ಎಂಬ ಲೆಕ್ಕ

ಪದಕಗಳನ್ನು ಮೂರು ಗುಂಪು ಮಾಡಿಕೊಂಡರೆ ಕೆಲಸ ಹಗುರವಾಗುತ್ತದೆ, ಏಕೆಂದರೆ ಒಂದೊಂದಕ್ಕೂ ಬೇಕಾಗುವ ಸಾಕ್ಷ್ಯ ಬೇರೆ.

ಮೊದಲನೆಯ ಗುಂಪಿನವು ಸೇವೆಯ ದಿನಾಂಕಗಳನ್ನು ನೋಡಿಯೇ ತಿಳಿಯಬಹುದಾದವು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೇ ವರ್ಷದ ಪದಕ ಸಲ್ಲುತ್ತದೆ. 9 ವರ್ಷ, 20 ವರ್ಷ ಮತ್ತು 30 ವರ್ಷಗಳ ದೀರ್ಘ ಸೇವಾ ಪದಕಗಳಿಗೆ ಸೇವಾವಧಿಯ ಜೊತೆಗೆ ಒಳ್ಳೆಯ ನಡತೆಯೂ ಬೇಕು. ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟಗಳೇ ಇವುಗಳಿಗೆ ಆಧಾರ.

ಎರಡನೆಯ ಗುಂಪಿನ ಪದಕಗಳಿಗೆ ಸೈನಿಕನು ಆ ದಿನಗಳಲ್ಲಿ ಎಲ್ಲಿದ್ದ ಎಂಬುದು ಮುಖ್ಯ, ಮತ್ತು ಹೆಚ್ಚಿನ ಲೋಪಗಳು ಕಾಣುವುದು ಇಲ್ಲಿಯೇ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ, 1971ರ ಯುದ್ಧಕ್ಕೆ ಪೂರ್ವ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ ಪದಕ, 1999ರ ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಪದಕ, ಸಿಯಾಚಿನ್‌ನಲ್ಲಿ ದುಡಿದವರಿಗೆ ಪ್ರತ್ಯೇಕ ಪದಕ, ಎತ್ತರದ ಪ್ರದೇಶಗಳಲ್ಲಿ ಸೇವೆ ಸಲ್ಲಿಸಿದವರಿಗೆ ಇನ್ನೊಂದು. ಕೆಲವರ ದಾಖಲೆಯಲ್ಲಿ ಪದಕವಿದ್ದು, ಅದರ ರಿಬ್ಬನ್ನಿನ ಮೇಲೆ ಬರಬೇಕಾದ ಪ್ರದೇಶದ ಹೆಸರಿನ ಪಟ್ಟಿ, ಅಂದರೆ ಕ್ಲಾಸ್ಪ್, ಬಿಟ್ಟುಹೋಗಿರುತ್ತದೆ. ಅದೂ ಕೇಳಿ ಪಡೆಯಬೇಕಾದದ್ದೇ.

ಮೂರನೆಯದು ಶೌರ್ಯ ಪ್ರಶಸ್ತಿಗಳು. ಇವು ಭಾರತದ ರಾಜಪತ್ರದಲ್ಲಿ, ಎಂದರೆ ಗೆಜೆಟ್‌ನಲ್ಲಿ ಪ್ರಕಟವಾಗುವುದರಿಂದ ಆ ಪ್ರಕಟಣೆಯ ಪ್ರತಿಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಈ ನಮೂದು ಬಿಟ್ಟುಹೋದರೆ ಗೌರವದ ಜೊತೆ ಹಣವೂ ತಪ್ಪುತ್ತದೆ: 2017ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ಶೌರ್ಯಕ್ಕಾಗಿ ನೀಡುವ ಸೇನಾ ಪದಕಕ್ಕೆ 2,000 ರೂಪಾಯಿ ಭತ್ಯೆ ಇದೆ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಆಗಲೇ ಮಂಜೂರಾದ ಪ್ರಶಸ್ತಿಯನ್ನು ಮಾತ್ರ ದಾಖಲೆಗೆ ಸೇರಿಸಬಹುದು; ಅಂದು ಯಾರೂ ಶಿಫಾರಸು ಮಾಡದ ಶೌರ್ಯಕ್ಕೆ ಇಂದು ತಿದ್ದುಪಡಿ ಅರ್ಜಿಯಿಂದ ಪ್ರಶಸ್ತಿ ದೊರೆಯುವುದಿಲ್ಲ.

ಎಲ್ಲಿಗೆ ಬರೆಯಬೇಕು?

ಜವಾನರು ಮತ್ತು ಜೆಸಿಒಗಳ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್ ಮುಂತಾದ ಹುದ್ದೆಯವರ, ಕಡತ ಅವರವರ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ಸ್ ಆಫೀಸಿನಲ್ಲಿರುತ್ತದೆ. ನಮ್ಮ ರಾಜ್ಯದವರು ಹೆಚ್ಚಾಗಿ ಸೇರಿರುವವುಗಳಲ್ಲಿ ಮದ್ರಾಸ್ ಸ್ಯಾಪರ್ಸ್ ಎಂದೇ ಹೆಸರಾದ ಎಂಇಜಿಯ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕಚೇರಿ ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಆರ್ಟಿಲರಿಯದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ದು ಜಬಲ್‌ಪುರದಲ್ಲಿ, ಸೇನೆಯ ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇಯದು ಸಿಕಂದರಾಬಾದಿನಲ್ಲಿ ಇವೆ. ವಾಯುಪಡೆಯವರು ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿರುವ ಏರ್‌ಫೋರ್ಸ್ ರೆಕಾರ್ಡ್ ಆಫೀಸಿಗೂ, ನೌಕಾಪಡೆಯ ನಾವಿಕರು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ಗೂ ಬರೆಯಬೇಕು.

ಅರ್ಜಿಯನ್ನು ನೇರವಾಗಿ ಕಳುಹಿಸಬಹುದು. ಆದರೂ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಒಮ್ಮೆ ತೋರಿಸಿ, ಅವರ ಮುಖಪತ್ರದೊಂದಿಗೆ ಕಳುಹಿಸುವುದು ಮೇಲು. ಡಿಸ್ಚಾರ್ಜ್ ಬುಕ್ಕಿನ ಪ್ರತಿಗಳನ್ನು ಅಲ್ಲಿಯೇ ದೃಢೀಕರಿಸಿಕೊಡುವುದರಿಂದ ಮೂಲಪುಸ್ತಕವನ್ನು ಮೊದಲ ಪತ್ರದ ಜೊತೆಗೇ ಅಂಚೆಗೆ ಹಾಕುವ ಅಪಾಯ ತಪ್ಪುತ್ತದೆ.

ಅರ್ಜಿ ಬರೆಯುವ ಬಗೆ

ನಮ್ಮ ದೊಡ್ಡಪ್ಪನವರ ಅರ್ಜಿ ಎರಡು ಸಲ ಹಿಂದಕ್ಕೆ ಬಂದಿತ್ತು. ನಾಯಬ್ ಸುಬೇದಾರ್ ಆಗಿ ನಿವೃತ್ತರಾದ ಅವರು ಪತ್ರದಲ್ಲಿ ‘ಜೆಸಿ’ ಎಂದು ಆರಂಭವಾಗುವ ತಮ್ಮ ಕೊನೆಯ ಸಂಖ್ಯೆಯನ್ನಷ್ಟೇ ಬರೆದಿದ್ದರು. ಆದರೆ ಪೂರ್ವಿ ಸ್ಟಾರ್‌ಗೆ ಸಂಬಂಧಿಸಿದ 1971ರ ಕಾಗದಗಳೆಲ್ಲ ಅವರು ಸಿಪಾಯಿಯಾಗಿದ್ದಾಗಿನ ಹಳೆಯ ಸಂಖ್ಯೆಯಲ್ಲಿದ್ದವು. ಒಂದು ಸಂಜೆ ಅವರು ಟ್ರಂಕಿನಿಂದ ಹಳೆಯ ಪದಕವೊಂದನ್ನು ತೆಗೆದು, ಅದರ ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದರು. ಭೂತಗನ್ನಡಿಯಲ್ಲಿ ನೋಡಿದಾಗ ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಕೊರೆದಿದ್ದ ಸಂಖ್ಯೆ, ಹುದ್ದೆ, ಹೆಸರು ಒಂದೊಂದಾಗಿ ಕಂಡವು. ಹಳೆಯ ಸಂಖ್ಯೆ ದೊರೆತದ್ದು ಹಾಗೆ. ಬಡ್ತಿ ಪಡೆದವರು, ಒಂದು ಕೋರ್‌ನಿಂದ ಇನ್ನೊಂದಕ್ಕೆ ಬದಲಾದವರು ತಮಗಿದ್ದ ಎಲ್ಲ ಸಂಖ್ಯೆಗಳನ್ನೂ ತಪ್ಪದೆ ಬರೆಯಬೇಕು.

ಒಂದು ಅರ್ಜಿಯಲ್ಲಿ ಒಂದು ಕೋರಿಕೆ ಇರಲಿ, ಪಿಂಚಣಿಯ ದೂರುಗಳನ್ನು ಅದರೊಳಗೆ ಬೆರೆಸುವುದು ಬೇಡ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯುವ ಪತ್ರದ ಮುಖ್ಯ ಒಕ್ಕಣೆ ಈ ಅರ್ಥ ಕೊಡುವಂತಿರಬೇಕು: “ನಾನು ಇಂತಹ ದಿನದಿಂದ ಇಂತಹ ದಿನದವರೆಗೆ ಇಂತಹ ಯೂನಿಟ್ಟಿನ ಇಂತಹ ಕಂಪನಿಯಲ್ಲಿ, ಇಂತಹ ಪ್ರದೇಶದಲ್ಲಿ ಸೇವೆಯಲ್ಲಿದ್ದೆ. ನನಗೆ ಸಲ್ಲಬೇಕಾದ ಇಂತಹ ಪದಕದ ನಮೂದು ನನ್ನ ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲ. ಶೀಟ್ ರೋಲ್ ಪರಿಶೀಲಿಸಿ, ಅರ್ಹತೆಯಿದ್ದಲ್ಲಿ ಪಾರ್ಟ್ ಟು ಆರ್ಡರ್ ಪ್ರಕಟಿಸಿ, ನಮೂದು ಮಾಡಿ ಪದಕವನ್ನು ಒದಗಿಸಬೇಕೆಂದು ಕೋರುತ್ತೇನೆ.” ಅಟ್ಯಾಚ್ ಆಗಿದ್ದವರು ಎರಡೂ ಯೂನಿಟ್ಟುಗಳ ಹೆಸರು ಕೊಡಬೇಕು. ಪಿಪಿಒ (ಪಿಂಚಣಿ ಪಾವತಿ ಆದೇಶ), ಮಾಜಿ ಸೈನಿಕರ ಗುರುತಿನ ಚೀಟಿ ಮತ್ತು ಡಿಸ್ಚಾರ್ಜ್ ಬುಕ್ಕಿನ ಸಂಬಂಧಪಟ್ಟ ಪುಟಗಳ ಪ್ರತಿ ಲಗತ್ತಿಸಬೇಕು. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಕೊಟ್ಟ ಮೂವ್‌ಮೆಂಟ್ ಆರ್ಡರ್, ಆಸ್ಪತ್ರೆಯ ಚೀಟಿ, ಆ ದಿನಗಳ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಿರುವ ಪತ್ರ, ಇಂಥವು ಉಳಿದಿದ್ದರೆ ಅವನ್ನೂ ಸೇರಿಸಿ. ಸೈನಿಕರು ತೀರಿಕೊಂಡಿದ್ದರೆ ಪತ್ನಿ ಅಥವಾ ಮಕ್ಕಳು ತಮ್ಮ ಸಂಬಂಧಕ್ಕೆ ಪುರಾವೆ ಮತ್ತು ಮರಣ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸ್ಪೀಡ್ ಪೋಸ್ಟ್ ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ.

ಪಿಂಚಣಿಯಿಲ್ಲದೆ ಬಂದವರಿಗೆ

ನನಗೆ ಹೆಚ್ಚು ಕಳವಳವಿರುವುದು ಇವರ ಬಗ್ಗೆ. ಪಿಂಚಣಿಗೆ ಬೇಕಾದ ಅವಧಿ ತುಂಬುವ ಮೊದಲೇ ಹೊರಬಂದವರ ಸೇವಾ ಕಡತಗಳನ್ನು 25 ವರ್ಷ ಕಾಯ್ದಿಟ್ಟು, ನಂತರ ನಾಶಪಡಿಸಲು ಸೇನೆಯ ನಿಯಮಾವಳಿ ಅವಕಾಶ ಕೊಡುತ್ತದೆ. 1965ರಲ್ಲೋ 1971ರಲ್ಲೋ ಹೋರಾಡಿ, ಕೆಲವೇ ವರ್ಷಗಳಲ್ಲಿ ಊರಿಗೆ ಬಂದವರ ಶೀಟ್ ರೋಲ್ ಈಗ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. “ದಾಖಲೆಗಳು ನಾಶವಾಗಿವೆ” ಎಂಬ ಉತ್ತರ ಬಂದರೆ ಅಲ್ಲಿಗೇ ಕೈಬಿಡಬಾರದು. ಕಡತ ಹೋದರೂ ‘ಲಾಂಗ್ ರೋಲ್’ ಎಂಬ ದೊಡ್ಡ ನೋಂದಣಿ ಪುಸ್ತಕ ಉಳಿದಿರುತ್ತದೆ, ಅದರಲ್ಲಿ ಒಬ್ಬೊಬ್ಬರ ಸೇವೆಯ ಸಂಕ್ಷಿಪ್ತ ವಿವರವಿರುತ್ತದೆ. ಅದನ್ನು ನೋಡಬೇಕೆಂದು ಹೆಸರು ಹಿಡಿದೇ ಕೇಳಬೇಕು. ಇಂಥವರ ಮಟ್ಟಿಗೆ ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ ಬೇರೆಲ್ಲೂ ಸಿಗದ ಮೂಲ ಸಾಕ್ಷ್ಯವಾಗಿಬಿಡುತ್ತದೆ. ಆದಕಾರಣ ಅದರ ಪ್ರತಿ ಪುಟವನ್ನೂ ಇಂದೇ ಸ್ಕ್ಯಾನ್ ಮಾಡಿಸಿಡುವುದು ಒಳ್ಳೆಯದು.

ಉತ್ತರ ಬಾರದಿದ್ದರೆ

ಒಂದೆರಡು ನೆನಪೋಲೆಗಳ ನಂತರವೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ತಮ್ಮ ಶೀಟ್ ರೋಲ್‌ನ ಪ್ರತಿ ಮತ್ತು ಪದಕಗಳಿಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್‌ಗಳ ಸಂಖ್ಯೆ ಹಾಗೂ ದಿನಾಂಕ ಕೇಳಬಹುದು. ‘ಏಕೆ ಕೊಟ್ಟಿಲ್ಲ’ ಎಂದು ಕೇಳುವುದಕ್ಕಿಂತ ಇಂತಹ ಕಾಗದದ ಪ್ರತಿ ಕೊಡಿ ಎಂದು ಕೇಳುವುದು ಫಲ ಕೊಡುತ್ತದೆ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅರ್ಹತೆಯನ್ನೇ ನಿರಾಕರಿಸಿ ಲಿಖಿತ ಉತ್ತರ ಬಂದು, ಅದು ತಪ್ಪೆಂದು ತೋರಿಸುವ ಕಾಗದಗಳು ಕೈಯಲ್ಲಿದ್ದರೆ 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತೆರೆದಿದೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಅಲ್ಲಿಗೆ ಹೋಗಬೇಕು, ಆ ಹಂತದಲ್ಲಿ ವಕೀಲರ ನೆರವು ಪಡೆಯುವುದು ಸೂಕ್ತ.

ತಿದ್ದುಪಡಿ ಬಂದ ಮೇಲೆ

ನಮೂದಿಗಾಗಿ ಮೂಲ ಡಿಸ್ಚಾರ್ಜ್ ಬುಕ್ಕನ್ನು ಕಚೇರಿ ಕೇಳಿದಾಗ, ಎಲ್ಲ ಪುಟಗಳ ಪ್ರತಿ ಇಟ್ಟುಕೊಂಡೇ ಕಳುಹಿಸಬೇಕು. ಮರಳಿ ಬಂದ ಕೂಡಲೇ ಹೊಸ ಸಾಲಿನ ಪಕ್ಕದಲ್ಲಿ ಅಧಿಕಾರಿಯ ಸಹಿ ಮತ್ತು ಕಚೇರಿಯ ಮೊಹರು ಇವೆಯೇ ಎಂದು ನೋಡಿ. ಶೌರ್ಯ ಪ್ರಶಸ್ತಿಯಾಗಿದ್ದರೆ ಭತ್ಯೆಗಾಗಿ ಪಿಂಚಣಿ ದಾಖಲೆಯೂ ಬದಲಾಗಬೇಕು, ಅದು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ‘ಸ್ಪರ್ಶ್’ ಖಾತೆಯಲ್ಲಿ ಕಾಣುತ್ತಿದೆಯೇ ಎಂದು ಪರಿಶೀಲಿಸಿ. ಪದಕ ಬರುವುದು ಇನ್ನೂ ತಡವಾಗಬಹುದು. ಬಂದ ದಿನ ಅದರ ಅಂಚಿನ ಮೇಲಿನ ಸಂಖ್ಯೆಯನ್ನೂ ಹೆಸರಿನ ಕಾಗುಣಿತವನ್ನೂ ಡಿಸ್ಚಾರ್ಜ್ ಬುಕ್ಕಿನೊಂದಿಗೆ ಹೋಲಿಸಿ ನೋಡಿ, ತಪ್ಪಿದ್ದರೆ ಪೆಟ್ಟಿಗೆಗೆ ಸೇರಿಸುವ ಮೊದಲೇ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ.