ಮೊದಲು ಹುಡುಗನ ಜೊತೆ, ಆಮೇಲೆ ಅಪ್ಪ ಅಮ್ಮನ ಜೊತೆ

ಹದಿಹರೆಯದವರ ಲಿಂಫೋಮಾಗೆ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ, ಚಿಕಿತ್ಸೆ ಕೊಡಲು ಶುರು ಮಾಡಿದ ಹೊಸತರಲ್ಲಿ ನಾನು ಮಾತಾಡುತ್ತಿದ್ದದ್ದೆಲ್ಲ ಅಪ್ಪ ಅಮ್ಮನ ಜೊತೆಗೇ. "ಡಾಕ್ಟ್ರೇ, ಅವನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ" ಅಂದರೆ ತಲೆಯಾಡಿಸುತ್ತಿದ್ದೆ. ಆದರೆ ಪಕ್ಕದಲ್ಲಿ ಕೂತ ಹುಡುಗ ಅಷ್ಟರಲ್ಲಾಗಲೇ ಬಯಾಪ್ಸಿ ರಿಪೋರ್ಟ್‌ನ ಒಂದೊಂದು ಪದವನ್ನೂ ಮೊಬೈಲ್‌ನಲ್ಲಿ ಹುಡುಕಿ ಓದಿರುತ್ತಿದ್ದ.

ಒಬ್ಬನ ವಿಷಯದಲ್ಲಿ ಮಾಡಿದ ತಪ್ಪು ಇನ್ನೂ ಚುಚ್ಚುತ್ತದೆ. ಮುಂದುವರಿದ ಹಂತದ ಹಾಡ್ಜ್‌ಕಿನ್, ಲಿಂಫೋಮಾದ ಒಂದು ಬಗೆ. ಎದೆಯಲ್ಲಿ ದೊಡ್ಡ ಗಡ್ಡೆ. ಅವಸರದಲ್ಲಿ ಬೀಕಾಪ್ ಅನ್ನುವ, ಹಲವು ಔಷಧಿಗಳ ಜೋರು ಡೋಸಿನ ಕೀಮೋ ಶುರು ಮಾಡಿಬಿಟ್ಟೆ. ಎರಡನೇ ಸೈಕಲ್‌ಗೆ, ಅಂದರೆ ಎರಡನೇ ಸುತ್ತಿನ ಕೀಮೋಗೆ, ಬಂದವನು ಅಪ್ಪನನ್ನು ಔಷಧಿ ತರಲು ಕಳಿಸಿ, ನೆಲ ನೋಡುತ್ತಾ ಕೇಳಿದ: "ಸರ್, ನಂಗೆ ಮುಂದೆ ಮಕ್ಕಳಾಗುತ್ತಾ?" ಆ ಔಷಧಿಗಳಿಂದ ವೀರ್ಯಾಣು ಬತ್ತಿಹೋಗುವ ಸಾಧ್ಯತೆ ಜಾಸ್ತಿ. ಮೊದಲೇ ವೀರ್ಯ ತೆಗೆದಿಡಬಹುದಿತ್ತು, ಒಂದೆರಡು ದಿನದ ಕೆಲಸ. ಆ ಮಾತನ್ನೇ ನಾನು ಎತ್ತಿರಲಿಲ್ಲ.

ಈಗ ಮೊದಲ ಡೋಸ್‌ಗೆ ಮುಂಚೆ ಹದಿನೈದು ನಿಮಿಷ ಅವರೊಬ್ಬರ ಜೊತೆಯೇ ಕೂರುತ್ತೇನೆ. ಸಹಿ ಅಪ್ಪ ಅಮ್ಮನದೇ ಇರಲಿ, ಮೈ ಅವನದು ಅಲ್ವಾ? ಹುಡುಗಿಯರದು ಸ್ವಲ್ಪ ಕಷ್ಟ. ಅಂಡಾಣು ತೆಗೆದಿಡಲು ಸುಮಾರು 2 ವಾರ ಬೇಕು. ಗಡ್ಡೆ ಶ್ವಾಸನಾಳ ಒತ್ತುತ್ತಿದ್ದರೆ ಅಷ್ಟು ಕಾಯಲು ಆಗುವುದಿಲ್ಲ. ಆದರೂ ವಿಷಯ ಹೇಳಿಯೇ ಮುಂದುವರಿಯುತ್ತೇನೆ.

ಚಿಕಿತ್ಸೆ ಆರಿಸುವಾಗಲೂ ತಲೆಯಲ್ಲಿರುವುದು ಒಂದೇ ಲೆಕ್ಕ: ಇವರು ಇನ್ನೂ ಐವತ್ತು ಅರವತ್ತು ವರ್ಷ ಬಾಳಬೇಕು. ಎಬಿವಿಡಿ ಅನ್ನುವ ನಾಲ್ಕು ಔಷಧಿಗಳ ಕೀಮೋ ಕೊಟ್ಟರೆ 2 ಸೈಕಲ್ ಮುಗಿದ ಮೇಲೆ, ರೋಗ ಇನ್ನೂ ಎಷ್ಟು ಚುರುಕಾಗಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್. ಅದರ ಡೋವಿಲ್ ಸ್ಕೋರ್ 1ರಿಂದ 3ರೊಳಗೆ ಬಂದರೆ, ಅಂದರೆ ಚಿಕಿತ್ಸೆ ಚೆನ್ನಾಗಿ ಹಿಡಿದಿದ್ದರೆ, ಮುಂದುವರಿದ ಹಂತದಲ್ಲಿ ಬ್ಲಿಯೋಮೈಸಿನ್ ಕೈಬಿಟ್ಟು ಉಳಿದ ಮೂರು ಔಷಧಿ, ಅಂದರೆ ಎವಿಡಿ, ಮುಂದುವರಿಸುತ್ತೇನೆ, ಶ್ವಾಸಕೋಶ ಉಳಿಯುತ್ತದೆ. ಹುಡುಗಿಯರ ಎದೆಗೆ ರೇಡಿಯೇಷನ್ ಅಂದರೆ ಎರಡು ಸಲ ಯೋಚಿಸುತ್ತೇನೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಸ್ತನ ಕ್ಯಾನ್ಸರ್ ಬರುವ ಭಯ ಸುಮ್ನೆ ಅಲ್ಲ. ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ನಿವೊಲುಮ್ಯಾಬ್ ಔಷಧಿ ಜೊತೆ ಎವಿಡಿ ಕೊಟ್ಟು ನೋಡಿದ ದೊಡ್ಡ ಅಧ್ಯಯನಕ್ಕೆ 12 ವರ್ಷ ವಯಸ್ಸಿನವರಿಂದಲೇ ಸೇರಿಸಿಕೊಂಡಿದ್ದರು. ಅದು ನನಗೆ ತುಂಬಾ ಹಿಡಿಸಿತು. ಮಕ್ಕಳ ವಾರ್ಡಿಗೆ ಹೋದರೆ ಒಂದು ಚಿಕಿತ್ಸೆ, ದೊಡ್ಡವರ ವಾರ್ಡಿಗೆ ಹೋದರೆ ಇನ್ನೊಂದು ಅನ್ನುವ ಗೊಂದಲದಲ್ಲಿ ಸಿಕ್ಕಿಬೀಳುವವರು ಈ ವಯಸ್ಸಿನವರೇ.

ಸಣ್ಣ ವಿಷಯಗಳನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಕೀಮೋದಲ್ಲಿರುವ ಡಾಕ್ಸೋರುಬಿಸಿನ್ ಔಷಧಿ ಕೆಂಪು ಬಣ್ಣದ್ದು, ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ಹೇಳದಿದ್ದರೆ ರಕ್ತ ಅಂತ ಹೆದರಿ ರಾತ್ರಿ ನಿದ್ದೆ ಬಿಡುತ್ತಾರೆ.

ಡೋಸ್ ತಪ್ಪಿಸಿಕೊಂಡವರನ್ನು ಹಿಂದೆ ಗದರಿಸುತ್ತಿದ್ದೆ. ಒಬ್ಬಳು ಪರೀಕ್ಷೆ ಇತ್ತು ಅಂತ ಅತ್ತಾಗಲೇ ತಿಳಿದದ್ದು, ನಾನು ಕೇಳಿಯೇ ಇರಲಿಲ್ಲ ಅಂತ. ಈಗ ಫೈಲಿನ ಮೊದಲ ಹಾಳೆಯಲ್ಲಿ ಕೀಮೋ ತಾರೀಕುಗಳ ಪಕ್ಕದಲ್ಲೇ ಪರೀಕ್ಷೆ ತಾರೀಕುಗಳನ್ನೂ ಬರೆಸುತ್ತೇನೆ. ಡೋಸ್ ಪೂರ್ತಿ ತಪ್ಪಿಸುವುದಕ್ಕಿಂತ ಒಂದು ದಿನ ಆಚೀಚೆ ಮಾಡುವುದು ವಾಸಿ.