ಮೊದಲೆರಡು ಅಕ್ಷರ ಹಿಡಿದು ಇಂಗ್ಲಿಷ್ ಪದ ಕಲಿಯುವ ಬಗೆ

ಮಿಂಚು, ಮಿನುಗು, ಮಿಣುಕು, ಮಿರುಗು. ನಾಲ್ಕೂ ‘ಮಿ’ಯಿಂದ ಶುರು, ನಾಲ್ಕರಲ್ಲೂ ಬೆಳಕು. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವುದು ಜಿ-ಎಲ್ ಜೋಡಿ: ಗ್ಲೋ, ಗ್ಲೀಮ್, ಗ್ಲಿಂಟ್, ಗ್ಲಿಟರ್, ಗ್ಲಿಮರ್, ಗ್ಲೇರ್. ಹೀಗೆ ಅರ್ಥದ ವಾಸನೆ ಹೊತ್ತ ಜೋಡಿಗಳಿಗೆ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ಫೋನೆಸ್ತೀಮ್ ಎಂದು ಹೆಸರಿಟ್ಟರು. ಎ ಇಂದ ಝಡ್‌ವರೆಗಿನ ಪಟ್ಟಿಯನ್ನು ಉರು ಹೊಡೆಯುವ ಬದಲು ಇಂಥ ಜೋಡಿ ಹಿಡಿದರೆ, ಒಂದು ಪದ ಎಳೆದಾಗ ಉಳಿದವೂ ಹಿಂದೆಯೇ ಬರುತ್ತವೆ.

ಜೋಡಿಗೊಂದು ಹಾಳೆ ಇಡಿ. ವಾರಕ್ಕೆ ಒಂದೇ ಜೋಡಿ, ಆರರಿಂದ ಎಂಟು ಪದ. ಹೆಚ್ಚಾದರೆ ಪದಗಳು ಒಂದರ ಮೈಮೇಲೆ ಒಂದು ಬಿದ್ದು ಕಲಸಿಹೋಗುತ್ತವೆ. ಈ ವಿಧಾನದ ದೊಡ್ಡ ಅಪಾಯವೂ ಅದೇ: ಎಲ್ಲದರ ಮುಂದೆಯೂ ‘ಹೊಳೆಯುವುದು’ ಎಂದು ಬರೆದುಕೊಂಡರೆ ಒಂದನ್ನೂ ಕಲಿತಂತಾಗಲಿಲ್ಲ. ಅರ್ಥದ ಜೊತೆಗೆ, ಹೊಳೆಯುವ ವಸ್ತು ಯಾವುದು ಎಂಬುದನ್ನೂ ಬರೆಯಿರಿ. ಗ್ಲೋ ಎಂದರೆ ಕೆಂಡದ ಬೆಳಕು, ಉರಿಯಿಲ್ಲ, ಮಿಟುಕುವುದಿಲ್ಲ. ಗ್ಲೀಮ್ ಉಜ್ಜಿದ ಹಿತ್ತಾಳೆಯ ಥಳಥಳ. ಗ್ಲಿಂಟ್ ಚಾಕುವಿನ ಅಲಗು ತಿರುಗಿದಾಗ ಫಳಕ್ಕೆಂದು ಹೊಡೆಯುವ ಒಂದೇ ಮಿಂಚು. ಗ್ಲಿಟರ್‌ಗೆ ಒಂದು ಚುಕ್ಕಿ ಸಾಲದು, ನೂರಾರು ಚುಕ್ಕಿ ಒಟ್ಟಿಗೆ ಝಗಮಗಿಸಬೇಕು. ಗ್ಲಿಮರ್ ದೂರದ ದೀಪದ ಮಿಣಮಿಣ. ಗ್ಲೇರ್ ಕಣ್ಣು ಕುಕ್ಕುವ ಬೆಳಕು. ಸಿಟ್ಟಿನಿಂದ ದುರುಗುಟ್ಟುವುದಕ್ಕೂ ಇದೇ ಪದ. ನಮ್ಮ ಅನುಕರಣ ಪದಗಳು ಇಲ್ಲಿ ನಿಘಂಟಿಗಿಂತ ಚೆನ್ನಾಗಿ ದುಡಿಯುತ್ತವೆ.

ಬೆಳಕಿನಿಂದ ನೋಟಕ್ಕೆ ಒಂದೇ ಹೆಜ್ಜೆ. ಗ್ಲಾನ್ಸ್ ಎಂದರೆ ನಾವೇ ಬೇಕೆಂದು ಹಾಯಿಸುವ ಕಣ್ಣು, ಅದರ ಹಿಂದೆ ‘ಅಟ್’ ಬರುತ್ತದೆ. ಗ್ಲಿಂಪ್ಸ್ ಎಂದರೆ ತಾನಾಗಿ ಕ್ಷಣಮಾತ್ರ ಕಣ್ಣಿಗೆ ಬಿದ್ದದ್ದು. ‘ಕ್ಯಾಚ್ ಎ ಗ್ಲಿಂಪ್ಸ್ ಆಫ್’ ಎನ್ನಬೇಕು. ಇವೆರಡನ್ನು ಅದಲು ಬದಲು ಮಾಡುವವರೇ ಹೆಚ್ಚು.

ಎಸ್-ಎನ್ ಜೋಡಿ ಸುಲಭ, ಅದು ಮೂಗಿನದು. ಸ್ನೋರ್ ಗೊರಕೆ, ಸ್ನೀಝ್ ಸೀನು, ಸ್ನಿಫ್ ಮೂಸುವುದು, ಸ್ನೌಟ್ ಪ್ರಾಣಿಯ ಮೂತಿ, ಸ್ನಾಟ್ ಸಿಂಬಳ, ಸ್ನಿಯರ್ ತಿರಸ್ಕಾರದಿಂದ ಮೂಗು ಮುರಿಯುವುದು. ಸ್ನೀಝ್ ಹಳೆಯ ಇಂಗ್ಲಿಷಿನಲ್ಲಿ ಎಫ್-ಎನ್‌ನಿಂದ ಶುರುವಾಗುತ್ತಿತ್ತು, ಆಮೇಲೆ ಈ ಗುಂಪಿಗೆ ಬಂದು ಸೇರಿಕೊಂಡಿತು.

ಇನ್ನು ಡಬ್ಲ್ಯು-ಆರ್. ಇಲ್ಲಿ ಡಬ್ಲ್ಯು ಬಾಯಿಗೆ ಬರುವುದಿಲ್ಲ, ಕಾಗದದ ಮೇಲೆ ಮಾತ್ರ. ಗುಂಪಿನ ಒಳ ಎಳೆ ತಿರುಚುವಿಕೆ. ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿ ನೋಡಿ: ಆ ಕ್ರಿಯೆ ರಿಂಗ್, ತಿರುಗುವ ಮಣಿಕಟ್ಟು ರಿಸ್ಟ್, ಬಟ್ಟೆಯ ಮೇಲೆ ಬೀಳುವ ಸುಕ್ಕು ರಿಂಕಲ್. ನಟ್ಟು ತಿರುಗಿಸುವ ಸ್ಪ್ಯಾನರಿಗೆ ಅಮೆರಿಕದಲ್ಲಿ ರೆಂಚ್, ನೋವಿನಿಂದ ಹೊರಳಾಡುವುದು ರೈದ್, ಬಳಸಿ ಕಟ್ಟಿದ ಹೂಚಕ್ರ ರೀತ್. ತಪ್ಪು ಎನ್ನುವ ರಾಂಗ್ ಕೂಡ ಮೂಲದಲ್ಲಿ ‘ಸೊಟ್ಟ’ ಎಂಬರ್ಥದ ಪದ. ಅದರ ಎದುರಿನ ರೈಟ್ ‘ನೇರ’. ನಾವು ‘ನಡತೆ ನೆಟ್ಟಗಿಲ್ಲ’ ಎನ್ನುತ್ತೇವಲ್ಲ, ಅದೇ ದಾರಿ.

ಕೆ-ಎನ್ ಜೋಡಿಯಲ್ಲಿ ಗಂಟು-ಗುಬುಟು: ನೀ ಮಂಡಿ, ನಕಲ್ ಬೆರಳಿನ ಗೆಣ್ಣು, ನಾಟ್ ಗಂಟು, ನಾಬ್ ಬಾಗಿಲ ಗುಬುಟು. ಹೆಣಿಗೆಯ ನಿಟ್ ಎಂಬುದು ನಾಟ್‌ನ ಒಡಹುಟ್ಟೇ. ಈ ಕೆ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತು. ದನಿ ಹೋಯಿತು, ಬರಹ ಉಳಿಯಿತು.

ಪ್ರತಿ ಹಾಳೆಯ ಕೆಳಗೆ ಗೆರೆ ಎಳೆದು ಗುಂಪಿಗೆ ಸೇರದವನ್ನು ಬರೆಯಿರಿ. ಗ್ಲವ್ ಹೊಳೆಯುವುದಿಲ್ಲ, ಸ್ನೋಗೂ ಸ್ನೇಕ್‌ಗೂ ಮೂಗಿನ ನಂಟಿಲ್ಲ, ನೈಫ್‌ನಲ್ಲಿ ಗಂಟಿಲ್ಲ. ಬರೆಯುವ ರೈಟ್ ಮೂಲತಃ ಗೀರುವುದು, ತಿರುಚುವುದಲ್ಲ. ಜೋಡಿ ನೆನಪಿಗೆ ಗೂಟವಷ್ಟೇ. ಗೊತ್ತಿಲ್ಲದ ಪದದ ಅರ್ಥವನ್ನು ಅದರಿಂದ ಊಹಿಸಿ ಪರೀಕ್ಷೆಯಲ್ಲಿ ಬರೆಯಬೇಡಿ.

ಉಚ್ಚಾರವನ್ನು ಕನ್ನಡದಲ್ಲಿ ಗುರುತು ಹಾಕಿಕೊಳ್ಳುವವರಿಗೆ ಒಂದು ತೊಡಕಿದೆ. ‘ರಿಂಗ್’ ಎಂದು ಬರೆದರೆ ಅದು ಹಿಂಡುವುದೋ ಉಂಗುರವೋ? ‘ನೀಡ್’ ಹಿಟ್ಟು ನಾದುವುದೋ ಅಗತ್ಯವೋ? ‘ನೈಟ್’ ಕುದುರೆ ಸವಾರನೋ ರಾತ್ರಿಯೋ? ಹಾಗಾಗಿ ಇಂಗ್ಲಿಷ್ ಕಾಗುಣಿತವನ್ನೇ ಮೊದಲು ಬರೆದು, ದನಿಯಿಲ್ಲದ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ವಾರದ ಕೊನೆಗೆ ಇಂಗ್ಲಿಷ್ ಕಂಬವನ್ನು ಮುಚ್ಚಿ, ಕನ್ನಡ ಅರ್ಥ ನೋಡುತ್ತ ಪದವನ್ನು ಬರೆಯಿರಿ. ಬಾಯಲ್ಲಿ ಹೇಳಿದರೆ ಸಾಲದು, ಕೆಂಪು ಸುತ್ತಿನ ಅಕ್ಷರ ಬಿಟ್ಟುಹೋಗುವುದು ಬರೆದಾಗಲೇ ಗೊತ್ತಾಗುತ್ತದೆ. ಬಿಟ್ಟುಹೋದವು ಮುಂದಿನ ವಾರದ ಹಾಳೆಯ ತಲೆಯ ಮೇಲೆ ಬರಲಿ.