ಮೀನಿಲ್ಲದ ಕಿಮ್ಚಿ: ಸುವಾನ್ ಅಡುಗೆಮನೆಯ ಲೆಕ್ಕ

ಉಪ್ಪಿನಲ್ಲಿ ಹುದುಗಿಸಿದ ಸಿಗಡಿ, ಮೀನಿನ ರಸ ಇಲ್ಲದಿದ್ದರೆ ಕಿಮ್ಚಿಗೆ (ಉಪ್ಪು, ಮಸಾಲೆ ಹಚ್ಚಿ ಹುಳಿ ಬರಿಸುವ ಕೊರಿಯನ್ ಕೋಸು) ರುಚಿ ಬರುವುದಿಲ್ಲ ಎಂದು ನಾನಿರುವ ದಕ್ಷಿಣ ಕೊರಿಯಾದ ಊರು ಸುವಾನ್‌ನ ಕೊರಿಯನ್ ಗೆಳತಿಯರು ಹೇಳುತ್ತಿದ್ದರು. ಕೊಳೆತೇ ಹೋಗುತ್ತದೆ ಎಂದು ಇಲ್ಲಿನ ನಮ್ಮ ಕನ್ನಡದವರು. ಆದರೆ ನವೆಂಬರ್ ಕೊನೆಯಲ್ಲಿ, ಚಳಿಗಾಲಕ್ಕೆಂದು ಒಟ್ಟಿಗೆ ಕಿಮ್ಚಿ ಹಾಕುವ ಕಿಮ್‌ಜಾಂಗ್‌ನಲ್ಲಿ ಮೀನಿಲ್ಲದೆ ಹಾಕಿದ ಸುಮಾರು 14 ಕಿಲೋ ಏಪ್ರಿಲ್‌ವರೆಗೂ ಗರಿಗರಿಯಾಗಿಯೇ ಉಳಿಯಿತು. ಕೋಸು ಸೀಳುವುದು, ಎಲೆ ಎಲೆಗೂ ಮಸಾಲೆ ಹಚ್ಚುವುದು ನಿಮಗೆ ಗೊತ್ತಿರುವುದೇ. ಎಡವಿದ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲ ಎರಡು ಸಲ ಕೆಟ್ಟದ್ದು ಉಪ್ಪಿನ ಲೆಕ್ಕದಿಂದ. ಉಪ್ಪುನೀರಿನಲ್ಲಿ ನೆನೆಸಿ, ಮೂರು ಸಲ ತೊಳೆದು, ಮೂರು ಗಂಟೆ ಬಸಿದ ಕೋಸಿನಲ್ಲಿ ಶೇ. 2ರ ಹತ್ತಿರ ಉಪ್ಪು ಉಳಿದಿರುತ್ತದೆ. 10 ಕಿಲೋ ಕೋಸಿಗೆ ಸುಮಾರು 190 ಗ್ರಾಂ. ಮೂಲಂಗಿ, ಅಕ್ಕಿ ಗಂಜಿ, ಮೆಣಸಿನಪುಡಿ ಸೇರಿ ಒಟ್ಟು ತೂಕ 14 ಕಿಲೋ ಆದಾಗ ಅದು ಶೇ. 1.4ಕ್ಕೆ ಇಳಿಯಿತು. ಸಿಗಡಿ ಮತ್ತು ಮೀನಿನ ರಸ ರುಚಿಯ ಜೊತೆಗೆ ನೂರು ಗ್ರಾಂಗೂ ಹೆಚ್ಚು ಉಪ್ಪನ್ನು ತರುತ್ತವೆ. ಅವನ್ನು ಬಿಟ್ಟೆ, ಉಪ್ಪನ್ನು ತುಂಬಲಿಲ್ಲ. ಒಂಬತ್ತನೇ ದಿನಕ್ಕೆ ಎಲೆ ಬೇಯಿಸಿದ ಸೊಪ್ಪಿನಂತಾಯಿತು. ಎರಡೂ ಸಲ ಸೇರಿ ಲಕ್ಷ ವಾನ್ (ಕೊರಿಯಾದ ಹಣ) ಹತ್ತಿರ ಕಸಕ್ಕೆ ಹೋಯಿತು.

ಈಗ 10 ಕಿಲೋ ಕೋಸಿಗೆ 250 ಗ್ರಾಂ ಗುಕ್‌ಗಾಂಜಾಂಗ್ (ಸಾರಿಗೆ ಹಾಕುವ ಉಪ್ಪುಪ್ಪಾದ ಸೋಯಾ ರಸ), ಮೇಲೆ 60 ಗ್ರಾಂ ಕೊರಿಯಾದ ದ್ವೀಪ ಪ್ರದೇಶ ಶಿನಾನ್‌ನ ಸಮುದ್ರದುಪ್ಪು. ಒಟ್ಟು ಶೇ. 2.2. ಉಪ್ಪು ಹಳೆಯದಿರಬೇಕು. ಕಹಿನೀರು ಸೋರಿಹೋಗದ ಹೊಸ ಉಪ್ಪು ಕಿಮ್ಚಿಯನ್ನು ಕಹಿ ಮಾಡುತ್ತದೆ.

ಗಂಜಿಗೆ 100 ಗ್ರಾಂ ಅಂಟಕ್ಕಿ ಹಿಟ್ಟು, 1.2 ಲೀಟರ್ ನೀರು. ಆ ನೀರಿನಲ್ಲಿ ಮೊದಲು ಒಣ ಶಿಟಾಕೆ ಅಣಬೆ, ದಾಷಿಮಾ ಎಂಬ ಕಡಲಪಾಚಿ, ಇನ್ನೊಂದು ಒಣ ಪದಾರ್ಥ ಕುದಿಸಿ ತೆಗೆಯುತ್ತೇನೆ. ಆ ಮೂರನೆಯದರ ಹೆಸರು ಸದ್ಯಕ್ಕೆ ನನ್ನಲ್ಲೇ ಇರಲಿ. ಮೀನಿಲ್ಲ ಎಂದು ಕೊರಿಯನ್ನರಿಗೇ ತಿಳಿಯದಂತೆ ಮಾಡಿದ್ದು ಅದೇ. ಮೆಣಸಿನಪುಡಿ 450 ಗ್ರಾಂ, ಬೆಳ್ಳುಳ್ಳಿ 300, ಶುಂಠಿ 70, ಮೂಲಂಗಿ ಒಂದೂವರೆ ಕಿಲೋ. ಸಿಹಿಗೆ ಕೊರಿಯನ್ ಪೇರ್ ಹಣ್ಣು ಅರ್ಧ. ಒಮ್ಮೆ 150 ಗ್ರಾಂ ಸಕ್ಕರೆ ಹಾಕಿದ್ದಕ್ಕೆ ರಸವೆಲ್ಲ ನೂಲು ನೂಲಾಗಿ ಜಗ್ಗಿತು. ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ಹೆಣೆಯುತ್ತದೆ. ವಿಷವಲ್ಲ, ಆದರೆ ತಟ್ಟೆಗೆ ಹಾಕಲು ಮನಸ್ಸು ಬರದು.

18–20 ಡಿಗ್ರಿಯಲ್ಲಿ ಒಂದೂವರೆ ದಿನ, ಆಮೇಲೆ ಕಿಮ್ಚಿ ಫ್ರಿಜ್‌ನಲ್ಲಿ 0ದಿಂದ −1. ಚಳಿಯಲ್ಲಿ ಲ್ಯೂಕೊನೊಸ್ಟಾಕ್ ನಿಧಾನವಾಗಿ ಬೆಳೆದು ಸೋಡಾದಂಥ ಚುರುಕು ಕೊಡುತ್ತದೆ. ಬೆಚ್ಚಗಿಟ್ಟರೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮುಂದೆ ಓಡಿ ಬರೀ ಹುಳಿ. ಮೂರನೇ ವಾರದ ಹೊತ್ತಿಗೆ ಹುಳಿ ಅಳೆಯುವ ಪಿಎಚ್ ಕಾಗದ 4.2–4.4, ಅಂದರೆ ಹದವಾದ ಹುಳಿ, ತೋರಿಸಿತು, ನಾಲಿಗೆಯೂ ಅದನ್ನೇ ಹೇಳಿತು. ಮೇಲೆ ಬಿಳಿ ಪದರ ಕಂಡರೆ ಕೋಸು ರಸದಿಂದ ಎದ್ದಿದೆ ಎಂದರ್ಥ. ಹೊರಗಿನ ಹಸಿರೆಲೆ ಮುಚ್ಚಿ ಒತ್ತಿಡಿ.

ಆರೋಗ್ಯದ ಮಾತು. ಮೀನು ಬಿಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ ಎಂಬುದು ತಪ್ಪು. ಅವು ಕೋಸು, ಬೆಳ್ಳುಳ್ಳಿ, ಶುಂಠಿಯ ಜೊತೆಗೇ ಬಂದಿರುತ್ತವೆ. ಕೊರಿಯಾದ ಬೌದ್ಧ ದೇವಾಲಯಗಳಲ್ಲಿ ಮೀನೂ ಇಲ್ಲದೆ ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲದೆ ಕಿಮ್ಚಿ ಹಾಕುತ್ತಲೇ ಬಂದಿದ್ದಾರೆ. ಹೊಟ್ಟೆಗೆ ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಹಸಿಯಾಗಿಯೇ ತಿನ್ನಿ, ಜಿಗೆಯಲ್ಲಿ (ಕೊರಿಯನ್ ಸಾರು) ಕುದಿಸಿದರೆ ಅವು ಸಾಯುತ್ತವೆ, ನಾರು ಉಳಿಯುತ್ತದೆ. ಉಪ್ಪನ್ನು ಮರೆಯಬೇಡಿ: 60 ಗ್ರಾಂ ಕಿಮ್ಚಿಯಲ್ಲಿ 1.3 ಗ್ರಾಂ ಉಪ್ಪು. ಮೂರು ಹೊತ್ತು ತಿಂದರೆ 4 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿಯೇ 5. ನಾನು ಎರಡು ಹೊತ್ತಿಗೆ ನಿಲ್ಲಿಸುತ್ತೇನೆ. ರಕ್ತದೊತ್ತಡ ಇರುವವರು ಇನ್ನೂ ಕಡಿಮೆ ಮಾಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಿ, ಕೋಸಿನಲ್ಲಿ ವಿಟಮಿನ್ ಕೆ ಇದೆ.

ಖರ್ಚು: ಉಪ್ಪಿನಲ್ಲಿ ನೆನೆಸಿಟ್ಟ ಕೋಸಿನ 20 ಕಿಲೋ ಪೆಟ್ಟಿಗೆ 45 ಸಾವಿರ ವಾನ್ ಆಸುಪಾಸು, ಅರ್ಧ ಗೆಳತಿಗೆ ಹೋಯಿತು. ಮೆಣಸಿನಪುಡಿ 14 ಸಾವಿರ, ಉಳಿದದ್ದು 15 ಸಾವಿರ. ಕಿಲೋಗೆ 3,700 ವಾನ್ ಬಿತ್ತು.

ಊರಿಂದ ತಂದ ಬ್ಯಾಡಗಿಯನ್ನೂ ಎರಡು ಕಿಲೋ ಕೋಸಿಗೆ ಹಾಕಿ ನೋಡಿದೆ. ನುಣ್ಣಗೆ ಬೀಸಿದ ಪುಡಿ ಕೆಸರಾಯಿತು. ಬೀಜ ತೆಗೆದು, ತರಿತರಿಯಾಗಿ ಕುಟ್ಟಿ ಹಾಕಿದ ಮೇಲೆ ಬಣ್ಣ ಕೊರಿಯಾದ್ದಕ್ಕಿಂತ ಗಾಢವಾಗಿ ಬಂತು, ಸಿಹಿ ಮಾತ್ರ ಸಾಲದು. ಈ ಸಲ ಅರ್ಧಕ್ಕರ್ಧ ಬೆರೆಸಿದ್ದೇನೆ. ಡಬ್ಬಿ ಇನ್ನೂ ತೆಗೆದಿಲ್ಲ.